ಮೊಣಕಾಲು ತಿರುಚಿದಾಗ ವೈದ್ಯರ ಕೈ ಹುಡುಕುವುದೇನು?

ಶಾಲಾ ಕ್ರೀಡಾಕೂಟಗಳು ಶುರುವಾದವೆಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಎಲುಬು-ಕೀಲು ವೈದ್ಯರ ಬಾಗಿಲಲ್ಲಿ ಒಂದೇ ನಮೂನೆಯ ಪಾಳಿ ಹತ್ತುತ್ತದೆ. ಕಬಡ್ಡಿಯಲ್ಲಿ ಮೊಣಕಾಲು ತಿರುಚಿಕೊಂಡ ಹುಡುಗ, ಖೋಖೋದಲ್ಲಿ ಕಾಲು ಉಳುಕಿಸಿಕೊಂಡ ಹುಡುಗಿ. ಸಂಕ್ರಾಂತಿಯ ಹೊತ್ತಿಗೆ ಜಾತ್ರೆಗಳ ಕುಸ್ತಿ, ಭಾರ ಎತ್ತುವ ಸ್ಪರ್ಧೆಗಳು ಬಂದರೆ ಭುಜ ಹಿಡಿದುಕೊಂಡ ಪೈಲ್ವಾನರೂ ಸೇರುತ್ತಾರೆ. ಜೊತೆಗೆ ಬಂದವರ ಮೊದಲ ಮಾತು ಬಹಳ ಸಲ ಇದೇ: "ಸರ್, ಎಂಆರ್‌ಐ ಬರದ ಕೊಡ್ರಿ, ಒಳಗ ಏನಾಗೇದಂತ ಗೊತ್ತಾಗಲಿ." ವೈದ್ಯರು ಚೀಟಿ ಬರೆಯದೆ ಪ್ರಶ್ನೆ ಕೇಳುತ್ತ ಕೂತರೆ, ಪೆಟ್ಟೇ ಆಗದ ಕಾಲನ್ನೂ ಹಿಡಿದು ಆಡಿಸಿ ನೋಡಿದರೆ, ಇವರಿಗೆ ಇನ್ನೂ ಗೊತ್ತಾಗಿಲ್ಲವೇನೋ ಎಂಬ ಅನುಮಾನ ಶುರು.

ಗೊತ್ತು ಮಾಡಿಕೊಳ್ಳುವ ಕೆಲಸ ನಡೆಯುತ್ತಿರುವುದು ಆಗಲೇ. ಬೆಳಗಾವಿಯ ಜೆಎನ್‌ಎಂಸಿಯಲ್ಲಿ ಓದಲಿ, ವಿಜಯಪುರದ ಬಿಎಲ್‌ಡಿಇಯಲ್ಲಿ ಓದಲಿ, ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನಲ್ಲಿ ಓದಲಿ, ಆಟದ ಗಾಯವನ್ನು ಕೈಯಿಂದ ಪರೀಕ್ಷಿಸಲು ಕಲಿಯುವ ವಿದ್ಯಾರ್ಥಿ ರೂಢಿಸಿಕೊಳ್ಳುವ ಕ್ರಮ ಒಂದೇ. ಆ ಕ್ರಮ ಹೇಗಿದೆ, ಅದರ ಒಂದೊಂದು ಹೆಜ್ಜೆಗೂ ಕಾರಣವೇನು ಎಂಬುದು ಆಟಗಾರರಿಗೂ ಪಾಲಕರಿಗೂ ಪಿಇ ಮಾಸ್ತರರಿಗೂ ತಿಳಿದಿದ್ದರೆ ಆ ಹದಿನೈದು ನಿಮಿಷ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಒಳಗೆ ಏನೇನಿದೆ

ಎರಡು ಎಲುಬು ಕೂಡುವ ಜಾಗ ಕೀಲು. ಎಲುಬನ್ನು ಎಲುಬಿಗೆ ಕಟ್ಟಿ ಹಿಡಿಯುವ ಗಟ್ಟಿ ಪಟ್ಟಿ ಲಿಗಮೆಂಟ್. ಮಾಂಸಖಂಡದ ತುದಿಯನ್ನು ಎಲುಬಿಗೆ ಅಂಟಿಸುವ ಭಾಗ ಟೆಂಡನ್. ಮೊಣಕಾಲಿನಲ್ಲಿ ಇವುಗಳ ಜೊತೆಗೆ ತೊಡೆಯೆಲುಬಿಗೂ ಕಣಕಾಲಿನ ಎಲುಬಿಗೂ ನಡುವೆ ಅರ್ಧಚಂದ್ರಾಕಾರದ ಎರಡು ಮೆತ್ತೆಗಳಿವೆ. ಅವು ಮೆನಿಸ್ಕಸ್. ಕಾಲು ಉಳುಕಿತು ಎಂದರೆ ಸಾಮಾನ್ಯವಾಗಿ ಪೆಟ್ಟು ತಿಂದಿರುವುದು ಲಿಗಮೆಂಟ್. ಓಡುವಾಗ ತೊಡೆಯ ಹಿಂಭಾಗ ಛಳಕ್ಕೆಂದು ಹಿಡಿದು ನಿಂತರೆ ಹರಿದಿರುವುದು ಮಾಂಸಖಂಡದ ಎಳೆ.

ಲಿಗಮೆಂಟನ್ನು ಬಾವಿಯ ಹಗ್ಗವೆಂದುಕೊಳ್ಳಿ. ಕೆಲವೇ ಎಳೆ ಹಿಗ್ಗಿ, ಹಗ್ಗ ಭದ್ರವಾಗಿಯೇ ಇದ್ದರೆ ಮೊದಲ ದರ್ಜೆಯ ಗಾಯ. ಒಂದಷ್ಟು ಎಳೆ ಹರಿದು ಹಗ್ಗ ಸಡಿಲವಾಗಿದ್ದರೆ ಎರಡನೆಯದು. ಪೂರ್ತಿ ತುಂಡಾದರೆ ಮೂರನೆಯದು. ಹೊಸಬರು ಇಲ್ಲೇ ಎಡವುತ್ತಾರೆ, ಏಕೆಂದರೆ ನೋವು ಈ ದರ್ಜೆಗಳ ಪ್ರಕಾರ ಏರುವುದಿಲ್ಲ. ಅರ್ಧ ಹರಿದ ಹಗ್ಗವನ್ನು ಜಗ್ಗಿದರೆ ಉಳಿದ ಎಳೆಗಳು ಒದರಾಡುತ್ತವೆ. ಪೂರ್ತಿ ತುಂಡಾದದ್ದನ್ನು ಜಗ್ಗಿದರೆ ನೋಯಲು ಅಲ್ಲಿ ಎಳೆಯೇ ಉಳಿದಿರುವುದಿಲ್ಲ. "ಅಷ್ಟೇನ ನೋವಿಲ್ರೀ, ಆದ್ರ ಕಾಲ ಮಾತ್ರ ನಂಬಿಗಿ ಬರವಲ್ದು" ಎನ್ನುವ ಆಟಗಾರನ ಮೊಣಕಾಲನ್ನು ವೈದ್ಯರು ಹೆಚ್ಚು ಹುಷಾರಾಗಿ ನೋಡುವುದು ಇದಕ್ಕೇ.

ಮೊದಲು ಕಿವಿ, ಆಮೇಲೆ ಕೈ

ಪೆಟ್ಟು ಹೇಗಾಯಿತು ಎಂಬ ಪ್ರಶ್ನೆಗೆ ಸಿಗುವ ಉತ್ತರ ಮುಂದಿನ ಪರೀಕ್ಷೆಯ ದಾರಿಯನ್ನೇ ತೋರಿಸುತ್ತದೆ. ರೇಡ್‌ಗೆ ಹೋದ ಹುಡುಗ ಬೋನಸ್ ಗೆರೆ ಮುಟ್ಟಿ, ಪಾದ ನೆಲಕ್ಕೆ ಊರಿ, ಸರಕ್ಕನೆ ತಿರುಗಿದ. ಪಾದ ನಿಂತಲ್ಲೇ ನಿಂತಿತು, ಮೈ ತಿರುಗಿತು, ಮೊಣಕಾಲು ಒಳಮುಖವಾಗಿ ಬಾಗಿತು. 'ಟಕ್' ಎಂದು ಒಳಗೆ ಏನೋ ಹರಿದಂತಾಯಿತು, ಆಡಲಾಗದೆ ಹೊರಗೆ ಬಂದ. ಇಷ್ಟು ಕೇಳಿದ ವೈದ್ಯರ ತಲೆಯಲ್ಲಿ ಮೊದಲು ಬರುವ ಹೆಸರು ಎಸಿಎಲ್. ಮೊಣಕಾಲಿನ ನಡುವೆ ಓರೆಯಾಗಿ ಹಾಯ್ದು, ಕೆಳಗಿನ ಎಲುಬು ಮುಂದಕ್ಕೆ ಜಾರದಂತೆ, ಅತಿಯಾಗಿ ತಿರುಗದಂತೆ ತಡೆಯುವ ಲಿಗಮೆಂಟ್ ಅದು. ಎದುರಾಳಿ ತಾಗಿರಲೇಬೇಕೆಂದಿಲ್ಲ. ಎಲ್ಲ ಆಟಗಳನ್ನೂ ಸೇರಿಸಿ ನೋಡಿದರೆ ಎಸಿಎಲ್ ಗಾಯಗಳಲ್ಲಿ ಅರ್ಧಕ್ಕಿಂತ ಹೆಚ್ಚು ಯಾರೂ ಮುಟ್ಟದೆ ಆದಂಥವು. ಅದೇ ಹುಡುಗನ ಮೊಣಕಾಲಿಗೆ ಹೊರಗಡೆಯಿಂದ ಒಬ್ಬ ಡ್ಯಾಶ್ ಹೊಡೆದಿದ್ದರೆ ಮೊದಲ ಅನುಮಾನ ಒಳಬದಿಯ ಲಿಗಮೆಂಟಿನ ಮೇಲೆ.

ಎರಡನೆಯ ದೊಡ್ಡ ಪ್ರಶ್ನೆ ಬಾವಿನದು. ಬಾವು ಬಂತೇ ಎಂದು ಕೇಳಿದರೆ ಸಾಲದು, ಎಷ್ಟು ಹೊತ್ತಿಗೆ ಬಂತು ಎಂದು ಕೇಳಬೇಕು. ಸಂಜೆ ಆರಕ್ಕೆ ಪೆಟ್ಟಾಗಿ ಎಂಟರೊಳಗೆ ಮೊಣಕಾಲು ಬಿಗಿದುಕೊಂಡಿತೆಂದರೆ ಒಳಗೆ ತುಂಬಿರುವುದು ರಕ್ತ. ಎಸಿಎಲ್‌ಗೆ ರಕ್ತನಾಳಗಳಿವೆ, ಹರಿದರೆ ಬೇಗ ಸೋರುತ್ತದೆ. ಹೀಗೆ ಕೂಡಲೇ ರಕ್ತ ತುಂಬಿದ ಮೊಣಕಾಲುಗಳಲ್ಲಿ ಬಹುಪಾಲು ಎಸಿಎಲ್ ಹರಿದಂಥವೇ ಆಗಿರುತ್ತವೆ. ಉಳಿದವುಗಳಲ್ಲಿ ಮೊಣಕಾಲ ಚಿಪ್ಪು ಜಾರಿದ್ದು, ಎಲುಬು ಒಡೆದದ್ದು ಮುಖ್ಯ. ಮೆನಿಸ್ಕಸ್‌ನ ಒಳಭಾಗಕ್ಕಾದರೆ ರಕ್ತದ ಓಡಾಟ ಬಹಳ ಕಡಿಮೆ. ಅದು ಹರಿದಾಗ ಕೀಲಿನ ನೀರು ನಿಧಾನ ಜಿನುಗಿ, ರಾತ್ರಿ ಮಲಗುವಾಗ ನೆಟ್ಟಗಿದ್ದ ಕಾಲು ಬೆಳಿಗ್ಗೆ ಏಳುವಷ್ಟರಲ್ಲಿ ದಪ್ಪಗಾಗಿರುತ್ತದೆ. ಗಡಿಯಾರ ನೋಡಿ ಹೇಳಿದ ಒಂದು ಮಾತು ಇಷ್ಟು ಕೆಲಸ ಮಾಡುತ್ತದೆ.

ನಡುವೆಯೇ ಮೊಣಕಾಲು ಸಿಕ್ಕಿಕೊಂಡು ಪೂರ್ತಿ ನೆಟ್ಟಗಾಗದೆ ಇದ್ದರೆ ಹರಿದ ಮೆನಿಸ್ಕಸ್‌ನ ತುಣುಕು ಅಡ್ಡ ಬಂದಿರಬಹುದು. ಮೆಟ್ಟಿಲಿಳಿಯುವಾಗ, ತಿರುಗುವಾಗ ಕಾಲು ಕುಸಿದರೆ ಲಿಗಮೆಂಟ್ ಸಡಿಲಾಗಿರುವ ಸೂಚನೆ.

ಕೇಳುವ ರೀತಿಯನ್ನೂ ಕಲಿಯಬೇಕಾಗುತ್ತದೆ. "ಟಕ್ ಅಂತ ಸಪ್ಪಳಾತೇನು?" ಎಂದರೆ ಹುಡುಗ ಮರ್ಯಾದೆಗೆ ಹೌದೆನ್ನುತ್ತಾನೆ. "ಅವಾಗ ಏನೇನಾತು, ಮೊದಲಿಂದ ಹೇಳು" ಎಂದರೆ ನಿಜ ಬರುತ್ತದೆ. ನಮ್ಮ ಕಡೆ ಇನ್ನೊಂದು ತೊಡಕು: ಪ್ರಶ್ನೆ ಹುಡುಗನಿಗೆ, ಉತ್ತರ ಅಪ್ಪನದು. ಅಪ್ಪ ಆಟ ನೋಡಿರುವುದೇ ಇಲ್ಲ.

ನೋಡುವುದು, ಮುಟ್ಟುವುದು, ಆಡಿಸುವುದು

ನೋಟ ಬಾಗಿಲಿನಿಂದಲೇ ಶುರು. ಯಾವ ಕಾಲ ಮೇಲೆ ಭಾರ ಹಾಕುತ್ತಿದ್ದಾನೆ, ಕುರ್ಚಿಯಿಂದ ಏಳುವಾಗ ಯಾವ ಕೈ ಊರುತ್ತಾನೆ. ಆಮೇಲೆ ಎರಡೂ ತೊಡೆ ಕಾಣುವಂತೆ ಬಟ್ಟೆ ಸರಿಸಿ ಮಲಗಿಸುತ್ತಾರೆ. ಪ್ಯಾಂಟ್ ಮೊಣಕಾಲ ತನಕ ಮಡಚಿ ನೋಡಿದರೆ ಮುಖ್ಯವಾದದ್ದೇ ತಪ್ಪುತ್ತದೆ: ಹಳೆಯ ಗಾಯವಿದ್ದರೆ ಆ ಬದಿಯ ತೊಡೆ ಸಣ್ಣಗಾಗಿರುತ್ತದೆ. ಚಿಪ್ಪಿನಿಂದ ಮೇಲಕ್ಕೆ ಎರಡೂ ಕಡೆ ಒಂದೇ ಅಂತರದಲ್ಲಿ ಟೇಪು ಹಿಡಿದು ಸುತ್ತಳತೆ ತೆಗೆದರೆ ವ್ಯತ್ಯಾಸ ಅಂಕಿಯಲ್ಲೇ ಕಾಣುತ್ತದೆ.

ಮುಟ್ಟುವಾಗ ಮೊದಲು ಅಂಗೈಯ ಹಿಂಭಾಗದಿಂದ ಬಿಸಿ ನೋಡುತ್ತಾರೆ. ನಂತರ ನೋವಿಲ್ಲದ ಜಾಗದಿಂದ ಶುರುಮಾಡಿ, ಒಂದೇ ಬೆರಳಿನಿಂದ ಒತ್ತುತ್ತ, ನೋವಿನ ಜಾಗಕ್ಕೆ ಕೊನೆಗೆ ಬರುತ್ತಾರೆ. ಕಣ್ಣು ಮೊಣಕಾಲ ಮೇಲಲ್ಲ, ಮುಖದ ಮೇಲೆ. ಪೈಲ್ವಾನರು ಬಾಯಿ ಬಿಟ್ಟು 'ನೂಸ್ತದ' ಎನ್ನುವುದು ಅಪರೂಪ, ಹುಬ್ಬು ಮಾತ್ರ ಸುಳ್ಳು ಹೇಳುವುದಿಲ್ಲ.

ಆಡಿಸುವುದರಲ್ಲಿ ಮೂರು ಬಗೆ. ಮೊದಲು ಆಟಗಾರನೇ ಕೀಲನ್ನು ಆಡಿಸಬೇಕು. ಎರಡನೆಯ ಸಲ ಅವನು ಮೈ ಸಡಿಲ ಬಿಟ್ಟಿರಬೇಕು, ಆಡಿಸುವುದು ವೈದ್ಯರು. ಮೂರನೆಯದರಲ್ಲಿ ಅವನು ತಳ್ಳುತ್ತಾನೆ, ವೈದ್ಯರು ಕೀಲು ಕದಲದಂತೆ ತಡೆದು ಹಿಡಿಯುತ್ತಾರೆ. ಮೂರನೆಯದರಲ್ಲಿ ಕೀಲು ಅಲುಗುವುದಿಲ್ಲ, ಮಾಂಸಖಂಡ ಮಾತ್ರ ಬಿಗಿಯುತ್ತದೆ. ಅದರಲ್ಲೇ ನೋವು ಎದ್ದರೆ ತಪ್ಪಿತಸ್ಥ ಬಹುಮಟ್ಟಿಗೆ ಮಾಂಸಖಂಡ ಅಥವಾ ಟೆಂಡನ್. ತಡೆದು ಹಿಡಿದಾಗ ನೋವಿಲ್ಲದೆ, ವೈದ್ಯರು ಆಡಿಸಿದಾಗ ಒಂದು ದಿಕ್ಕಿನ ತುದಿಯಲ್ಲಿ ಮಾತ್ರ ನೋವು ಬಂದರೆ ಲಿಗಮೆಂಟ್ ಅಥವಾ ಕೀಲಿನ ಒಳಭಾಗ. ಲಂಡನ್ನಿನ ವೈದ್ಯ ಜೇಮ್ಸ್ ಸಿರಿಯಾಕ್ಸ್ 20ನೇ ಶತಮಾನದಲ್ಲಿ ವ್ಯವಸ್ಥಿತವಾಗಿ ಬೆಳೆಸಿದ ಈ ತರ್ಕದಲ್ಲಿ ಅಪವಾದಗಳಿವೆ. ಆದರೂ ಮಾಂಸಖಂಡ, ಕೀಲು ಎರಡನ್ನೂ ಬೇರ್ಪಡಿಸಲು ಇಷ್ಟು ಅಗ್ಗದ ಉಪಾಯ ಇನ್ನೊಂದಿಲ್ಲ.

ಇದೆಲ್ಲ ಮೊದಲು ನಡೆಯುವುದು ಪೆಟ್ಟಾಗದ ಕಾಲಿನ ಮೇಲೆ. ಕೆಲವರ ಕೀಲುಗಳು ಹುಟ್ಟಿನಿಂದಲೇ ಸಡಿಲ. ಅವರ ಎಡಗಾಲು ಎಷ್ಟು ಆಡುತ್ತದೆಂದು ತಿಳಿಯದೆ ಬಲಗಾಲು ಹೆಚ್ಚು ಆಡುತ್ತಿದೆ ಎನ್ನಲಾಗದು. ತನ್ನ ದೇಹದಲ್ಲೇ ಒಂದು ಅಳತೆಗೋಲು ಇಟ್ಟುಕೊಂಡು ಬಂದಿರುತ್ತಾನೆ ಆಟಗಾರ.

ಲಾಕ್‌ಮನ್ ಪರೀಕ್ಷೆ, ಹತ್ತಿರದಿಂದ

ಎಸಿಎಲ್ ನೋಡಲು ಹೆಚ್ಚು ನೆಚ್ಚಿಕೊಳ್ಳುವ ಪರೀಕ್ಷೆಗೆ ಫಿಲಡೆಲ್ಫಿಯಾದ ವೈದ್ಯ ಜಾನ್ ಲಾಕ್‌ಮನ್ ಅವರ ಹೆಸರಿದೆ. ಅದನ್ನು 1976ರಲ್ಲಿ ಪ್ರಕಟಿಸಿದವರು ಅವರ ಜೊತೆ ಕೆಲಸ ಮಾಡಿದ ಜೋಸೆಫ್ ಟಾರ್ಗ್ ಮತ್ತು ಸಂಗಡಿಗರು. ಆಟಗಾರ ಅಂಗಾತ ಮಲಗಿರುತ್ತಾನೆ. ಮೊಣಕಾಲು 20ರಿಂದ 30 ಡಿಗ್ರಿಯಷ್ಟು, ಅಂದರೆ ಕೊಂಚವೇ ಮಡಚಿರಬೇಕು. ವೈದ್ಯರ ಒಂದು ಕೈ ಮೊಣಕಾಲಿನ ಮೇಲ್ಗಡೆ ತೊಡೆಯನ್ನು ಅಲುಗದಂತೆ ಹಿಡಿಯುತ್ತದೆ. ಇನ್ನೊಂದು ಕೈ ಕೆಳಗಿನ ಎಲುಬನ್ನು ಹಿಂದಿನಿಂದ ಬಳಸಿ ಹಿಡಿದಿರುತ್ತದೆ, ಹೆಬ್ಬೆರಳು ಮುಂದೆ. ಈಗ ಕೆಳಗಿನ ಎಲುಬನ್ನು ಮುಂದಕ್ಕೆ ಒಮ್ಮೆ ಜಗ್ಗಬೇಕು. ಸಾಗುವ ದೂರ ಮಿಲಿಮೀಟರುಗಳಲ್ಲಿ.

ಕೈ ಎರಡು ಸಂಗತಿ ಗಮನಿಸುತ್ತದೆ. ಇನ್ನೊಂದು ಕಾಲಿಗಿಂತ ಎಷ್ಟು ಹೆಚ್ಚು ಸರಿಯಿತು ಎಂಬುದು ಒಂದು. ಹೇಗೆ ನಿಂತಿತು ಎಂಬುದು ಇನ್ನೊಂದು, ಮತ್ತು ಇದೇ ಕಲಿಯಲು ಕಷ್ಟ. ಗಟ್ಟಿ ಹಗ್ಗ ಬಿಗಿಯಾಗುವಾಗ ಕೈಗೆ ಫಟ್ಟನೆ ತಡೆ ಸಿಗುತ್ತದೆ. ಹರಿದದ್ದಾದರೆ ತಡೆಯೇ ಸಿಗದೆ ಎಲುಬು ಮೆತ್ತಗೆ ಬರುತ್ತ ಹೋಗುತ್ತದೆ. ಪುಸ್ತಕದಲ್ಲಿ ಈ ವ್ಯತ್ಯಾಸ ಓದಿದವರಿಗೆ ಏನೂ ತಿಳಿಯುವುದಿಲ್ಲ. ಆದ್ದರಿಂದಲೇ ವಿದ್ಯಾರ್ಥಿಗಳು ಹಾಸ್ಟೆಲ್ಲಿನಲ್ಲಿ ಒಬ್ಬರ ಮೊಣಕಾಲು ಒಬ್ಬರು ಹಿಡಿದು ಅಭ್ಯಾಸ ಮಾಡಬೇಕಾಗುತ್ತದೆ. ಸರಿಯಿದ್ದ ಮೊಣಕಾಲುಗಳ ತಡೆ ಕೈಗೆ ಚೆನ್ನಾಗಿ ರೂಢಿಯಾದ ಮೇಲೆ ಹರಿದದ್ದು ಸಿಕ್ಕರೆ ಕೈ ತಾನಾಗಿ ಎಚ್ಚರಗೊಳ್ಳುತ್ತದೆ.

ಅಡ್ಡಿಗಳೂ ಇವೆ. ನೋವಿನ ಹೆದರಿಕೆಗೆ ಆಟಗಾರ ತೊಡೆಯ ಹಿಂಭಾಗದ ಮಾಂಸಖಂಡ ಬಿಗಿದರೆ ಅದೇ ಎಲುಬನ್ನು ಹಿಂದಕ್ಕೆ ಎಳೆದು ಹಿಡಿಯುತ್ತದೆ, ಹರಿದ ಎಸಿಎಲ್ ಕೂಡ ಸರಿಯಿದ್ದಂತೆ ತೋರುತ್ತದೆ. ಅದಕ್ಕೆ ಮೊಣಕಾಲ ಕೆಳಗೆ ಮಡಚಿದ ಟವೆಲ್ ಇಡುತ್ತಾರೆ, ಬೇರೆ ಮಾತು ತೆಗೆಯುತ್ತಾರೆ. ಇನ್ನು ಬೈಠಕ್ ಹೊಡೆದು ಬೆಳೆಸಿದ ಗರಡಿ ತೊಡೆ ಸಣ್ಣ ಕೈಯವರ ಹಿಡಿತಕ್ಕೆ ಸಿಗುವುದೇ ಇಲ್ಲ. ಆಗ ವೈದ್ಯರು ತಮ್ಮ ಮೊಣಕಾಲನ್ನೇ ಮಂಚದ ಮೇಲಿಟ್ಟು ಅದರ ಮೇಲೆ ಆಟಗಾರನ ತೊಡೆ ಇರಿಸಿ, ಒಂದು ಕೈಯಿಂದ ಮೇಲಿನಿಂದ ಒತ್ತಿ ಹಿಡಿಯುತ್ತಾರೆ. ಬಾವು ವಿಪರೀತವಿದ್ದರೆ ಒತ್ತಾಯ ಮಾಡದೆ, ವಾರದ ಸುಮಾರಿಗೆ ಮತ್ತೆ ಕರೆದು ನೋಡುತ್ತಾರೆ. ಎರಡನೇ ಸಲದ ಪರೀಕ್ಷೆ ಮೊದಲನೆಯದಕ್ಕಿಂತ ಹೆಚ್ಚು ಹೇಳುವುದುಂಟು.

ಇದನ್ನು ಎಷ್ಟು ನಂಬಬಹುದು? ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2006ರ ಒಂದು ವಿಶ್ಲೇಷಣೆಯ ಪ್ರಕಾರ, ಎಸಿಎಲ್ ನಿಜಕ್ಕೂ ಹರಿದ 100 ಜನರಲ್ಲಿ ಸುಮಾರು 85 ಮಂದಿಯನ್ನು ಲಾಕ್‌ಮನ್ ಹಿಡಿಯುತ್ತದೆ. ಹರಿಯದ 100 ಜನರಲ್ಲಿ ಸುಮಾರು 94 ಮಂದಿಗೆ ಸರಿಯಾಗಿಯೇ 'ಇಲ್ಲ' ಎನ್ನುತ್ತದೆ. ಕಾಲನ್ನು ತಿರುಗಿಸುತ್ತ ಮಡಚಿ, ಎಲುಬು ಜಾರಿ ಮತ್ತೆ ಕೂಡುವುದನ್ನು ನೋಡುವ ಪಿವಟ್ ಶಿಫ್ಟ್ ಎಂಬ ಇನ್ನೊಂದು ಪರೀಕ್ಷೆಯ ಅಂಕಿಗಳು 24 ಮತ್ತು 98. ಅಂದರೆ ಪಿವಟ್ ಶಿಫ್ಟ್ 'ಹೌದು' ಎಂದರೆ ಬಹುತೇಕ ಹೌದೇ, 'ಇಲ್ಲ' ಎಂದರೆ ಆ ಮಾತಿಗೆ ಬೆಲೆಯಿಲ್ಲ. ಯಾವ ಪರೀಕ್ಷೆಯ 'ಹೌದು' ನಂಬಬೇಕು, ಯಾವುದರ 'ಇಲ್ಲ' ನಂಬಬೇಕು ಎಂದು ತೂಗುವುದು ಕೈಚಳಕಕ್ಕಿಂತ ತಡವಾಗಿ ಬರುವ ಕಲಿಕೆ. ಮೆನಿಸ್ಕಸ್‌ಗೆಂದು ಲಿವರ್‌ಪೂಲಿನ ಮೆಕ್‌ಮರ್ರಿ ವಿವರಿಸಿದ, ಕಾಲು ಮಡಚಿ ತಿರುಗಿಸಿ ನೆಟ್ಟಗೆ ಮಾಡುವ ಪರೀಕ್ಷೆ ಒಂಟಿಯಾಗಿ ಅಷ್ಟು ಭರವಸೆಯದಲ್ಲ. ಕೀಲಿನ ಸಂದಿನಗುಂಟ ಬೆರಳಿಟ್ಟು ಒತ್ತಿ ನೋಡುವುದನ್ನೂ ಆಟಗಾರ ಹೇಳಿದ ಕತೆಯನ್ನೂ ಸೇರಿಸಿಯೇ ತೀರ್ಮಾನಕ್ಕೆ ಬರುತ್ತಾರೆ.

ಉಳುಕಿದ ಪಾದಕ್ಕೆ ಎಕ್ಸ್‌ರೇ ಬೇಕೇ?

ಇದಕ್ಕೆ ಕೆನಡಾದ ಒಟ್ಟಾವಾದಲ್ಲಿ ಇಯಾನ್ ಸ್ಟೀಲ್ ಮತ್ತು ಸಂಗಡಿಗರು ಸಿದ್ಧಪಡಿಸಿ 1992ರಲ್ಲಿ ಪ್ರಕಟಿಸಿದ ನಿಯಮಗಳಿವೆ. ಪಾದದ ಗಂಟಿನ ಎರಡೂ ಬದಿಗೆ ಉಬ್ಬಿರುವ ಎಲುಬುಗಳಿವೆಯಲ್ಲ, ಅವುಗಳ ಹಿಂಬದಿಯ ಅಂಚಿನಲ್ಲಿ ತುದಿಯಿಂದ ಮೇಲಕ್ಕೆ 6 ಸೆಂಟಿಮೀಟರ್ ತನಕ ಅಥವಾ ತುದಿಯಲ್ಲೇ ಒತ್ತಿದರೆ ನೋವಿದೆಯೇ? ಪಾದದ ಹೊರ ಅಂಚಿನ ನಡುವೆ, ಕಿರುಬೆರಳಿನ ಉದ್ದೆಲುಬಿನ ಬುಡದಲ್ಲಿ? ಒಳಬದಿಯಲ್ಲಿ, ಗಂಟಿನ ಮುಂದಿರುವ ದೋಣಿಯಾಕಾರದ ಎಲುಬಿನ ಮೇಲೆ? ಪೆಟ್ಟಾದ ಕೂಡಲೇ ನಾಲ್ಕು ಹೆಜ್ಜೆ ಇಡಲು ಆಗಲಿಲ್ಲವೇ, ಆಸ್ಪತ್ರೆಯಲ್ಲೂ ಆಗುತ್ತಿಲ್ಲವೇ? ಗಂಟಿನ ಸುತ್ತ ಅಥವಾ ಪಾದದ ನಡುಭಾಗದಲ್ಲಿ ನೋವಿದ್ದು ಇವುಗಳಲ್ಲಿ ಒಂದಕ್ಕೆ 'ಹೌದು' ಬಂದರೂ ಎಕ್ಸ್‌ರೇ. ಒಂದೂ ಇಲ್ಲದಿದ್ದರೆ ಎಲುಬು ಮುರಿದಿರುವ ಸಾಧ್ಯತೆ ತೀರ ಕಡಿಮೆ. ಕುಂಟುತ್ತ ಇಟ್ಟ ಹೆಜ್ಜೆಯೂ ಲೆಕ್ಕಕ್ಕೆ ಬರುತ್ತದೆ.

ಹಲವು ದೇಶಗಳಲ್ಲಿ ಪರೀಕ್ಷೆಗೆ ಒಳಪಟ್ಟ ಈ ನಿಯಮಗಳು ಮುರಿತವನ್ನು ಬಿಟ್ಟುಬಿಡುವುದು ಅತ್ಯಪರೂಪ. ಎಕ್ಸ್‌ರೇಗಳ ಸಂಖ್ಯೆ ಮಾತ್ರ ಸುಮಾರು ಮೂರನೇ ಒಂದು ಪಾಲು ಇಳಿಯಿತು. ಕುಡಿದವರಿಗೆ, ಕಾಲಿನ ಸ್ಪರ್ಶಜ್ಞಾನ ಕುಂದಿದ ಸಕ್ಕರೆ ಕಾಯಿಲೆಯವರಿಗೆ, ತೀರ ಸಣ್ಣ ಮಕ್ಕಳಿಗೆ ಇವು ಹೊಂದುವುದಿಲ್ಲ. ಇನ್ನೊಂದು: ಪಾದ ಉಳುಕಿದವರ ಮೊಣಕಾಲಿನ ಹೊರಬದಿಯ ಕೆಳಗೂ ಒತ್ತಿ ನೋಡಬೇಕು. ಗಂಟಿನಲ್ಲಿ ಆದ ತಿರುಚು ಕೆಲವೊಮ್ಮೆ ಪಕ್ಕದ ತೆಳು ಎಲುಬನ್ನು ಮೇಲ್ತುದಿಯಲ್ಲಿ ಮುರಿದಿರುತ್ತದೆ.

ಗರಡಿಯ ಭುಜ, ಸೈಕಲ್ಲಿನ ಮೊಣಕಾಲು

ಕುಸ್ತಿಯಲ್ಲಿ ಜಾರಿದ ಭುಜ ನೋಡಿದ ಕೂಡಲೇ ತಿಳಿಯುತ್ತದೆ. ಹೆಗಲಿನ ದುಂಡು ಹೋಗಿ ಚಪ್ಪಟೆಯಾಗಿರುತ್ತದೆ, ಕೈಯನ್ನು ಇನ್ನೊಂದು ಕೈಯಿಂದ ಆಧರಿಸಿ ಹಿಡಿದಿರುತ್ತಾನೆ. ನೂರರಲ್ಲಿ ಸುಮಾರು 95 ಸಲ ಅದು ಜಾರುವುದು ಮುಂದಕ್ಕೆ. ಆಖಾಡದಲ್ಲೇ ವಸ್ತಾದರು ಎಳೆದು ಕೂಡಿಸುವುದುಂಟು. ವೈದ್ಯರು ಮೊದಲು ಮಣಿಕಟ್ಟಿನ ನಾಡಿ ನೋಡುತ್ತಾರೆ, ತೋಳಿನ ಮೇಲ್ಭಾಗದ ಹೊರಚರ್ಮದಲ್ಲಿ ಸ್ಪರ್ಶ ತಿಳಿಯುತ್ತದೆಯೇ ಎಂದು ಕೇಳುತ್ತಾರೆ. ಅಲ್ಲಿ ಜೋಮು ಹಿಡಿದಿದ್ದರೆ ಭುಜದ ಸುತ್ತ ಹಾಯುವ ನರಕ್ಕೆ ಪೆಟ್ಟಾಗಿದೆ. ಜೊತೆಗೆ ಎಲುಬು ಮುರಿದಿರಲೂಬಹುದು, ಹಾಗಿದ್ದಾಗ ಎಳೆದರೆ ಅನಾಹುತ ದೊಡ್ಡದು.

ತೊಡೆಗೆ ಮೊಣಕಾಲು ಬಡಿದು ರಕ್ತ ಹೆಪ್ಪುಗಟ್ಟಿದ ಗಾಯವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದೇ ಸಂಜೆ ಬಿಸಿ ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕುತ್ತಾರೆ. ಹಸಿ ಗಾಯವನ್ನು ಹಾಗೆ ತಿಕ್ಕಿದರೆ ರಕ್ತಸ್ರಾವ ಹೆಚ್ಚಿ, ಮುಂದೆ ಮಾಂಸದೊಳಗೇ ಎಲುಬು ಬೆಳೆಯುವ ಅಪಾಯವಿದೆ. ಮೊದಲ ದಿನಗಳಲ್ಲಿ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಬಿಗಿಪಟ್ಟಿ ಸಾಕು. ಗರಡಿ ಮನೆಯ ಮಾಲೀಸಿಗೆ ಅದರದೇ ವೇಳೆಯಿದೆ, ಅದು ಆಮೇಲೆ.

ವಿಜಯಪುರ, ಬಾಗಲಕೋಟೆಯ ಸೈಕ್ಲಿಸ್ಟ್‌ಗಳ ಮೊಣಕಾಲು ನೋವಿಗೆ ಹೆಚ್ಚಾಗಿ 'ಆ ಒಂದು ಪೆಟ್ಟು' ಎಂಬುದು ಇರುವುದಿಲ್ಲ. ದಿನವೂ ತಾಸುಗಟ್ಟಲೆ ಅದೇ ತುಳಿತ. ಇಲ್ಲಿ ಪರೀಕ್ಷೆ ಸೈಕಲ್ಲಿಗೂ ಆಗಬೇಕು. ಸೀಟು ತಗ್ಗಿದ್ದರೆ ನೋವು ಚಿಪ್ಪಿನ ಸುತ್ತ ಮುಂದುಗಡೆ, ಸೀಟು ಎತ್ತರವಾದರೆ ಮೊಣಕಾಲ ಹಿಂದುಗಡೆ ಬರುವುದು ಸಾಮಾನ್ಯ.

ಬಹಳ ದಿನದ ಮೇಲೆ ವಾಲಿಬಾಲ್ ಆಡಲು ಇಳಿದ ನಲವತ್ತರ ಆಸುಪಾಸಿನವರು "ಹಿಂದಿಂದ ಯಾರೋ ಒದ್ದಂಗಾತು, ತಿರುಗಿ ನೋಡಿದ್ರ ಯಾರೂ ಇಲ್ಲ" ಎಂದರೆ ಹಿಮ್ಮಡಿಯ ಮೇಲಿನ ಟೆಂಡನ್ ಹರಿದಿರಬಹುದು. ಬೋರಲು ಮಲಗಿಸಿ ಮೀನಖಂಡ ಹಿಂಡಿದರೆ ಪಾದದ ತುದಿ ಕೆಳಗೆ ಬಾಗಬೇಕು. ಬಾಗದಿದ್ದರೆ ಹರಿದಿದೆ.

ಮಕ್ಕಳ ಎಲುಬು ಬೇರೆ

ಬೆಳೆಯುವ ಮಕ್ಕಳ ಎಲುಬಿನ ತುದಿಯಲ್ಲಿ ಮೆದು ಬೆಳವಣಿಗೆಯ ಪದರವಿರುತ್ತದೆ. ಪಕ್ಕದ ಲಿಗಮೆಂಟಿಗಿಂತ ಅದೇ ದುರ್ಬಲ. ದೊಡ್ಡವರಲ್ಲಿ ಉಳುಕಾಗುವ ಪೆಟ್ಟು ಮಕ್ಕಳಲ್ಲಿ ಆ ಪದರದ ಮುರಿತವಾಗಬಹುದು, ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು. ಆದ್ದರಿಂದ ಎಲುಬಿನ ಮೇಲೆಯೇ ಒತ್ತಿದಾಗ ಮಗು ನೋಯುತ್ತದೆ ಎಂದರೆ ಬರೇ ಉಳುಕು ಎಂದು ಕಳಿಸುವುದಿಲ್ಲ.

ಇನ್ನೊಂದನ್ನು ಪ್ರತಿ ವಿದ್ಯಾರ್ಥಿಗೂ ಬಾಯಿಪಾಠ ಮಾಡಿಸುತ್ತಾರೆ: ಮೊಣಕಾಲು ನೋವೆಂದು ಬಂದ ಹುಡುಗನ ಮೊಣಕಾಲು ಸರಿಯಿದ್ದರೆ ಸೊಂಟದ ಕೀಲು ನೋಡು. ಸೊಂಟದ ನೋವು ಅದೇ ನರಗಳ ದಾರಿಯಲ್ಲಿ ತೊಡೆಗೆ, ಮೊಣಕಾಲಿಗೆ ಇಳಿದು ಕಾಣಿಸಿಕೊಳ್ಳುತ್ತದೆ. ಹನ್ನೆರಡು-ಹದಿಮೂರರ ವಯಸ್ಸಿನಲ್ಲಿ ತೊಡೆಯೆಲುಬಿನ ತಲೆ ಬೆಳವಣಿಗೆಯ ಪದರದಲ್ಲಿ ಜಾರುವ ಕಾಯಿಲೆಯೊಂದಿದೆ. ಮೊಣಕಾಲಿನ ಎಕ್ಸ್‌ರೇ ಎಷ್ಟು ಸಲ ತೆಗೆಸಿದರೂ ಅದು ಸಿಗುವುದಿಲ್ಲ.

ತಡ ಮಾಡಬಾರದ ಗುರುತುಗಳು

ಕೈಕಾಲು ತಣ್ಣಗಾಗಿ ಬಣ್ಣ ಕೆಟ್ಟರೆ, ಜೋಮು ಹಿಡಿದು ಬಿಡದಿದ್ದರೆ, ಆಕಾರವೇ ಬದಲಾಗಿದ್ದರೆ, ಗಾಯದಿಂದ ಎಲುಬು ಕಂಡರೆ ನೇರ ಆಸ್ಪತ್ರೆ. ಪೆಟ್ಟಾದ ಕಣಕಾಲು ಕಲ್ಲಿನಂತೆ ಬಿಗಿದು, ಬೆರಳುಗಳನ್ನು ಮೆಲ್ಲಗೆ ಮಡಚಿದರೂ ಚೀರುವಷ್ಟು ನೋವಿದ್ದರೆ ಒಳಗೆ ಒತ್ತಡ ಏರಿ ರಕ್ತದ ಹರಿವು ನಿಲ್ಲುತ್ತಿರಬಹುದು. ಇದಕ್ಕೆ ಬೆಳಗಾಗುವ ತನಕ ಕಾಯುವಂತಿಲ್ಲ. ಪೆಟ್ಟಿನ ನೆನಪೇ ಇಲ್ಲದೆ ಕೀಲು ಬಿಸಿಯಾಗಿ ಊದಿ, ಜ್ವರವೂ ಇದ್ದರೆ ಅದು ಸೋಂಕಿರಬಹುದು.

ಸ್ಕ್ಯಾನ್ ಯಾವಾಗ, ಆಟ ಯಾವಾಗ

ಎಂಆರ್‌ಐ ಒಳ್ಳೆಯ ಸಾಧನವೇ. ಆದರೆ ಏನನ್ನು ಹುಡುಕಬೇಕೆಂದು ಮೊದಲೇ ತಿಳಿದಿದ್ದಾಗ ಅದರ ಉತ್ತರಕ್ಕೆ ಅರ್ಥ. ನಡುವಯಸ್ಸು ದಾಟಿದವರಲ್ಲಿ ಮೊಣಕಾಲು ನೋವೇ ಇಲ್ಲದವರ ಎಂಆರ್‌ಐನಲ್ಲೂ ಮೆನಿಸ್ಕಸ್ ಹರಿತ ಕಾಣುವುದು ಸಾಮಾನ್ಯ. ವರದಿಯಲ್ಲಿ ಬರೆದ ಹರಿತವೇ ಇವತ್ತಿನ ನೋವಿಗೆ ಕಾರಣವೇ ಎಂಬುದನ್ನು ಕೈ ಹೇಳಬೇಕು. ಶಸ್ತ್ರಚಿಕಿತ್ಸೆಯ ಯೋಚನೆ ಇದ್ದಾಗ, ಪರೀಕ್ಷೆಯ ಬಳಿಕವೂ ಅನುಮಾನ ಉಳಿದಾಗ ಸ್ಕ್ಯಾನಿಗೆ ಖರ್ಚು ಮಾಡಿದ ಸಾವಿರಗಳು ವಸೂಲಾಗುತ್ತವೆ.

ಪರೀಕ್ಷೆಯ ಕೊನೆಯ ಭಾಗ ನಡೆಯುವುದು ತಿಂಗಳುಗಳ ನಂತರ, "ಇನ್ನ ಆಡಬಹುದೇನ್ರಿ?" ಎಂದು ಬಂದಾಗ. ನೋವು ಹೋಗಿದೆ, ಬಾವಿಲ್ಲ ಎಂಬುದಷ್ಟೇ ಸಾಲದು. ಒಂಟಿಕಾಲಲ್ಲಿ ಜಿಗಿಸಿ ಎಷ್ಟು ದೂರ ಹೋಗುತ್ತಾನೆ ಎಂದು ಅಳೆಯುತ್ತಾರೆ, ತೊಡೆಯ ಬಲ ಅಳೆಯುತ್ತಾರೆ, ಎರಡೂ ಕಾಲು ಹೋಲಿಸುತ್ತಾರೆ. ಪೆಟ್ಟಾದ ಕಾಲು ಇನ್ನೊಂದರ ಕನಿಷ್ಠ ಶೇಕಡ 90ರಷ್ಟಾದರೂ ಮುಟ್ಟಿರಬೇಕೆಂಬುದು ಹೆಚ್ಚಿನ ಕಡೆ ಇರುವ ಗೆರೆ. ಎಸಿಎಲ್ ಶಸ್ತ್ರಚಿಕಿತ್ಸೆಯಾದವರ ಬಗ್ಗೆ 2016ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನವೊಂದರಲ್ಲಿ, ಒಂಬತ್ತು ತಿಂಗಳವರೆಗೆ ಆಟವನ್ನು ಮುಂದೂಡಿದ ಒಂದೊಂದು ತಿಂಗಳಿಗೂ ಮೊಣಕಾಲಿಗೆ ಮತ್ತೆ ಗಾಯವಾಗುವ ಪ್ರಮಾಣ ಸುಮಾರು ಅರ್ಧದಷ್ಟು ಇಳಿಯುತ್ತ ಹೋದದ್ದು ಕಂಡುಬಂತು. ಒಂಬತ್ತರ ನಂತರ ಕಾದದ್ದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ದೀಪಾವಳಿಗೆ ಆಪರೇಷನ್ ಮಾಡಿಸಿಕೊಂಡ ಪೈಲ್ವಾನ ಯುಗಾದಿಯ ಕುಸ್ತಿಗೆ ಇಳಿಯುತ್ತೇನೆಂದರೆ ವೈದ್ಯರು ಬೇಡವೆಂದು ತಲೆಯಾಡಿಸುವುದು ಈ ಲೆಕ್ಕ ಹಿಡಿದು. ಶ್ರಾವಣಕ್ಕೆ ಬಂದರೆ ಒಂಟಿಕಾಲ ಜಿಗಿತ ಅಳೆದು ಮಾತಾಡುತ್ತಾರೆ.